ನಿಧಾನಮ್ಮನ ತಿದ್ದುಪಡಿ

ಅಕ್ಕನ ಬ್ಯೂಟಿ ಪಾರ್ಲರಿಗೆ ಕೂದಲು ಕತ್ತರಿಸಿಕೊಳ್ಳಲು ಬಂದವರು ಯಾರೇ ಆಗಲಿ, ತಂಗಿಯ ಸುದ್ದಿ ಕೇಳದೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿ ತಲೆಗೆ ನೀರು ಚಿಮುಕಿಸುವಷ್ಟರಲ್ಲಿ ಮಾತು ಶುರುವಾಗಿರುತ್ತಿತ್ತು.

"ನನ್ನ ತಂಗಿ ಯೂನಿವರ್ಸಿಟೀಲಿ ಫಿಸಿಕ್ಸಿನ ಗಣಿತ ಮಾಡ್ತಾಳೆ. ಅವಳ ಒಂದು ಲೇಖನಾನ ಒಂಬೈನೂರು ಲೇಖನಗಳಲ್ಲಿ ಹೆಸರು ಹಿಡಿದು ಹೇಳಿದ್ದಾರೆ. ಸೈಟೇಶನ್ ಅಂತಾರೆ ಅದಕ್ಕೆ."

"ಅಂಥದ್ದೇನಿದೆ ಅದರಲ್ಲಿ?" ಎಂದು ಯಾರಾದರೂ ಕೇಳಿದರೆ ಅಕ್ಕ ಬಾಚಣಿಗೆ ಎತ್ತುತ್ತಿದ್ದಳು. "ಒಂದೇ ಸಮ ಇಲ್ಲದ ವಸ್ತುವಿನೊಳಗೆ ಅಲೆ ಹೊಕ್ಕರೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತಂತೆ. ಅದನ್ನ ಇವಳು ಸಾಧಿಸಿ ತೋರಿಸಿದ್ದಾಳೆ. ಇನ್ನೂ ಹೆಚ್ಚು ಕೇಳ್ಬೇಡಿ, ನನ್ನ ಕೈಲಿ ಕತ್ತರಿ ಇದೆ."

ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳು ಅಕ್ಕನೇ. ಹಿಂದಿನ ಕೋಣೆಯಲ್ಲಿ, ಟವೆಲ್ಲು ಒಣಗುವ ಹಗ್ಗದ ಕೆಳಗೆ ಕೂತು ಓದಿದ ಹುಡುಗಿ ಅದು. ವಿಭಾಗದಲ್ಲಿ ಉಳಿದವರು ವರ್ಷಕ್ಕೆ ನಾಲ್ಕೈದು ಲೇಖನ ಹೊರತಂದರೆ ಇವಳದು ಎರಡು ವರ್ಷಕ್ಕೊಂದು. ಬೆನ್ನ ಹಿಂದೆ ಅವಳನ್ನು 'ನಿಧಾನಮ್ಮ' ಎನ್ನುತ್ತಿದ್ದರು. ಆದರೆ ಆ ಒಂದು ಲೇಖನದ ಎದುರು ಯಾರೂ ಉಸಿರೆತ್ತುವಂತಿರಲಿಲ್ಲ. ಪ್ರೊಫೆಸರ್ ಹುದ್ದೆಗೆ ಅವಳ ಹೆಸರು ಹೋದದ್ದೂ ಅದರ ಬಲದ ಮೇಲೆಯೇ.

ಸಂದರ್ಶನ ಹತ್ತಿರವಿದ್ದಾಗ ಒಂದು ಸಂಜೆ ತಂಗಿ ಪಾರ್ಲರಿಗೆ ಬಂದು ಖಾಲಿ ಕುರ್ಚಿಯಲ್ಲಿ ಕುಸಿದಳು.

"ಅಕ್ಕ, ನನ್ನ ಲೇಖನದಲ್ಲಿ ತಪ್ಪಿದೆ."

ಅದೇ ಪ್ರಮೇಯವನ್ನು ತರಗತಿಯಲ್ಲಿ ಬಿಡಿಸುತ್ತಿದ್ದಾಗ ನಡುವಿನ ಒಂದು ಹೆಜ್ಜೆ ಬೋರ್ಡಿನ ಮೇಲೆಯೇ ಕೈಕೊಟ್ಟಿತ್ತು. ಒಂದೇ ಸಮ ಇಲ್ಲದ ಎಲ್ಲ ವಸ್ತುಗಳಿಗೂ ಅದು ಅನ್ವಯಿಸುತ್ತದೆ ಎಂದು ಲೇಖನದಲ್ಲಿ ಬರೆದಿದ್ದಳು. ನಿಜಕ್ಕೂ, ವಸ್ತುವಿನ ಏರುಪೇರು ಒಂದು ಮಿತಿ ದಾಟಿದ್ದರೆ ಮಾತ್ರ ಅನ್ವಯಿಸುತ್ತಿತ್ತು.

"ಬೇರೆ ಯಾರಿಗಾದ್ರೂ ಗೊತ್ತಾ?"

"ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದು ಈಗ ಬೀಳುತ್ತಾ ಮೇಡಂ, ಸಂದರ್ಶನ ಮುಗಿಯೋವರೆಗೆ ಸುಮ್ನಿರಿ ಅಂದ್ರು."

ಅಕ್ಕನಿಗೂ ಅದೇ ಸರಿಯೆನಿಸಿತು. "ಸ್ವಲ್ಪ ದಿನ ತಾನೇ ಕಣೇ?"

"ಅಷ್ಟರಲ್ಲಿ ಇನ್ನೆಷ್ಟು ಜನ ಅದನ್ನ ನಂಬಿ ಕೆಲಸಕ್ಕೆ ಇಳೀತಾರೋ! ಗೊತ್ತಿದ್ದೂ ಬಾಯಿ ಮುಚ್ಕೊಂಡಿರಲಾ?"

ಅಕ್ಕ ತಂಗಿಯ ಗಂಟುಗಂಟಾಗಿದ್ದ ಜಡೆ ಬಿಚ್ಚಿ ಬಾಚತೊಡಗಿದಳು. ಗಂಟೆಲ್ಲ ಬಿಡಿಸಿದ ಮೇಲೆ, "ನಿನಗೆ ತೋಚಿದ್ದು ಮಾಡು. ಊಟ ಮಾಡ್ಕೊಂಡು ಹೋಗು," ಎಂದಳು.

ತಂಗಿ ತಿದ್ದುಪಡಿ ಪ್ರಕಟಿಸಿದಳು. ಆ ಲೇಖನವನ್ನೇ ನೆಚ್ಚಿಕೊಂಡಿದ್ದವರಿಗೆಲ್ಲ ತಾನೇ ವಿಷಯ ತಿಳಿಸಿದಳು. ಹುದ್ದೆ ಬೇರೆಯವರ ಪಾಲಾಯಿತು. ಅಕ್ಕನ ಬಾಯಿಗೂ ಬೀಗ ಬಿತ್ತು; ಪಾರ್ಲರಿನಲ್ಲಿ ಕತ್ತರಿಯ ಸದ್ದಷ್ಟೇ. ಕೊನೆಗೆ ಕಾಯಂ ಗಿರಾಕಿಯಾಗಿದ್ದ ಟೀಚರೊಬ್ಬರು ಕನ್ನಡಿಯೊಳಗಿಂದಲೇ ಕೆಣಕಿದರು. "ಏನಮ್ಮ, ತಂಗಿ ಸುದ್ದೀನೇ ಇಲ್ಲ? ಏನೋ ತಪ್ಪು ಮಾಡಿದ್ದಾಳಂತೆ?"

ಕತ್ತರಿ ನಿಂತಿತು. "ಹೂಂ, ಮಾಡಿದ್ಲು. ಅದನ್ನ ಹಿಡಿದೋಳು ಯಾರು ಗೊತ್ತಾ? ಅವಳೇ! ಊರಿಗೆಲ್ಲ ಸಾರಿದೋಳೂ ಅವಳೇ. ಅಷ್ಟೊಂದು ಪಂಡಿತರು ಕಣ್ಣಾಡಿಸಿದ್ರಲ್ಲ, ಒಬ್ಬರಿಗಾದ್ರೂ ಕಂಡಿತಾ?"

ಹೇಳುತ್ತ ಹೇಳುತ್ತ ಅಕ್ಕನ ಎದೆ ಉಬ್ಬಿತು. ಅಂದಿನಿಂದ ಪಾರ್ಲರಿನಲ್ಲಿ ಹಳೆಯ ಲೇಖನ ಹಿಂದಾಯಿತು, ತಿದ್ದುಪಡಿ ಮುಂದಾಯಿತು.

ಹಾಗಾದರೆ ಆ ಮಿತಿಯ ಕೆಳಗೆ ಅಲೆ ಏನಾಗುತ್ತದೆ? ತಿದ್ದುಪಡಿ ಎಬ್ಬಿಸಿದ ಈ ಪ್ರಶ್ನೆಯ ಬೆನ್ನು ಹತ್ತಿದವು ದೇಶವಿದೇಶದ ತಂಡಗಳು. ಪ್ರತಿಯೊಬ್ಬರೂ ಇವಳಿಂದಲೇ ಮಾತು ಆರಂಭಿಸಬೇಕಾಯಿತು. ಮುಂದೆ ಹುದ್ದೆಯೂ ಬಂತು, ದೊಡ್ಡದೊಂದು ಸಮ್ಮೇಳನದ ಮೊದಲ ಉಪನ್ಯಾಸಕ್ಕೆ ಕರೆಯೂ ಬಂತು.

ಅಕ್ಕ ಪಾರ್ಲರಿಗೆ ರಜೆ ಹಾಕಿ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ತಂಗಿ ಬೋರ್ಡಿನ ತುಂಬ ಬರೆದು, ಒಂದು ಸಾಲಿಗೆ ಬೆರಳಿಟ್ಟು, "ನಾನು ಎಡವಿದ್ದು ಇಲ್ಲಿ," ಎಂದಳು. ಸಭೆ ನಕ್ಕಿತು. ಆಮೇಲೆ ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳತೊಡಗಿದರು.

ಪಕ್ಕದಲ್ಲಿದ್ದ ಯುವಕ ಅಕ್ಕನ ಖಾಲಿ ಕೈ ನೋಡಿ, "ನಿಮಗೆ ಇದೆಲ್ಲ ಮೊದಲೇ ಗೊತ್ತಾ, ಮೇಡಂ?" ಎಂದು ಮೆಲ್ಲಗೆ ಕೇಳಿದ.

"ಒಂದಕ್ಷರಾನೂ ಗೊತ್ತಿಲ್ಲಪ್ಪ," ಎಂದಳು ಅಕ್ಕ, ಬೋರ್ಡಿನಿಂದ ಕಣ್ಣು ಕೀಳದೆ. "ನೀನು ಬೇಗ ಬರ್ಕೋ, ನನ್ನ ತಂಗಿ ಅಳಿಸಿಬಿಡ್ತಾಳೆ."