ಮನೆಯಲ್ಲೂ ಟವೆಲ್

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಇವತ್ತು ಕೊಟ್ಟೂರಿನಲ್ಲಿ ನನ್ನಂಥ ಗೌಂಡಿ ಇನ್ನೊಬ್ಬನಿಲ್ಲ. ನಾನು ಕಟ್ಟಿದ ಮನೆಗೆ ಆರ್‌ಸಿಸಿ ಹಾಕಿದ ದಿನ ಆ ಮನೆಯ ಯಜಮಾನರು ನನಗೆ ಟವೆಲ್ ಹೊದಿಸಿ ನಾಲ್ಕು ಜನರ ಮುಂದೆ ಹೊಗಳುತ್ತಾರೆ. ಹೆಂಡತಿಯ ಜೊತೆ ಮಲಗಿ ಎದ್ದಾಗಲೂ ನನಗೆ ಆ ಹೊಗಳಿಕೆ ಬೇಕಿತ್ತು.

"ನನ್ನಂಥ ಗಂಡಸು ಎಲ್ಲ್ಯಾರ ಅದಾನೇನಲೇ?" ಎಂದು ಪ್ರತಿ ಸಲ ಕೇಳುತ್ತಿದ್ದೆ.

"ಇಲ್ಲ ಬಿಡ್ರಿ" ಎನ್ನುತ್ತಿದ್ದಳು.

ಹೋದ ವರ್ಷ ಒಂದು ಮಧ್ಯಾಹ್ನ ಹಾಗೆಯೇ ಕೇಳಿದೆ. ಅವಳು ಸೀರೆ ಸರಿಮಾಡಿಕೊಳ್ಳುತ್ತ, "ಇಲ್ಲೂ ಟವೆಲ್ ಹೊದಿಸ್ಬೇಕೇನ್ರಿ? ನಿನಗ ಹೆಂಗಾತು ಅಂತ ಒಂದಿನಾನೂ ಕೇಳಿಲ್ಲ ನೀವು" ಅಂದಳು.

ಅಂದಿನಿಂದ ಅವಳ ಪಕ್ಕ ಮಲಗಿದರೆ ನನ್ನ ಮೈ ಏಳುವುದಿಲ್ಲ. ಡಾಕ್ಟರು ಕೊಟ್ಟ ಗುಳಿಗೆಯಿಂದಲೂ ಏನೂ ಆಗಲಿಲ್ಲ.

ನಿನ್ನೆ ಮತ್ತೊಂದು ಟವೆಲ್ ಬಂತು. ಅವಳು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ನಿನಗ ಹೆಂಗಾತು ಅಂತ ನಾನು ಇನ್ನೂ ಕೇಳಿಲ್ಲ.