ವರ್ಷಕ್ಕೊಂದು ಸುತ್ತು

ಮೊನ್ನೆ ಯಾರದೋ ಮನೆಯಲ್ಲಿ ನಿಂಬೆ ಘಮದ ಗವತಿ ಹುಲ್ಲು ಹಾಕಿ ಕುದಿಸಿದ ಚಹಾದ ವಾಸನೆ ಬಂತು. ಅನಗೋಳದ ನಮ್ಮ ಬಾಜೂ ಮನೆಯ ವೈನಿ ನೆನಪಾದರು...

ಎರಡು ಸಾವಿರದ ಇಸವಿಯ ಆಸುಪಾಸು. ಅವರ ಯಜಮಾನರು ಫಿಸಿಕ್ಸ್ ಲೆಕ್ಚರರ್, ಓಣಿಗೆಲ್ಲ ‘ಸರ್’. ಒಂದು ಭಾನುವಾರ ಸರ್ ಪೇಪರ್ ಹಿಡಿದು ಕಟ್ಟೆಗೆ ಬಂದರು. ದೂರದ ನಕ್ಷತ್ರಗಳ ಸುತ್ತ ಗುರುವಿನಂಥ ಗ್ಯಾಸಿನ ದೊಡ್ಡ ಗ್ರಹಗಳು ಸಿಗುತ್ತಿವೆಯಂತೆ. ಮೊದಲು ಸಿಕ್ಕವು ನಕ್ಷತ್ರಕ್ಕೆ ಅಂಟಿಕೊಂಡಂತಿದ್ದವು. ಈಗಿನವು ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ, ಹೆಚ್ಚುಕಡಿಮೆ ನಮ್ಮ ಭೂಮಿಯ ಹಾಗೆ ವರ್ಷಕ್ಕೊಂದು ಸುತ್ತು. ಯಾರು ಕಂಡರು ಎಂದೆ. ನನ್ನದು ಕಾನ್ವೆಂಟ್ ಬುದ್ಧಿ, ಪ್ರೂಫ್ ಬೇಕು.

“ಯಾರೂ ಕಂಡಿಲ್ರೀ. ನಕ್ಷತ್ರ ಒಂಚೂರು ಓಲಾಡ್ತದ, ಅಷ್ಟ. ಒಂದು ಸುತ್ತು ನೋಡಿ ನಂಬಬಾರ್ದು. ಎರಡ್ನೇ ಸುತ್ತಿಗೂ ಹಂಗೇ ಓಲಾಡಿದ್ರ, ಕಾಣದ್ದು ಏನೋ ಬಾಜೂಕ ಐತಿ ಅಂತ ತಿಳೀಬೇಕು.”

ಚಹಾ ಸೋಸುತ್ತಿದ್ದ ವೈನಿಯ ಕೈ ನಿಂತಿತು.

ಸರ್ ಒಳಗೆ ಹೋದ ಮೇಲೆ ವೈನಿ ಹೇಳಿದರು. ವರ್ಷಕ್ಕೊಮ್ಮೆ ಸರ್ ಮಂಕಾಗುತ್ತಾರೆ, ಊಟ ಸೇರುವುದಿಲ್ಲ, ಕೆಲಸವಿದೆ ಎಂದು ಖಾನಾಪುರಕ್ಕೆ ಹೋಗಿ ಬರುತ್ತಾರೆ. ಯಾವ ತಾರೀಖು ಎಂದು ಕೇಳಿದೆ. ಒಂದೊಂದು ವರ್ಷ ಒಂದೊಂದು. ಹಾಗಾದರೆ ಬರೀ ಕೋಇನ್ಸಿಡೆನ್ಸ್ ಎಂದೆ. ವೈನಿ ಅಲ್ಲವೆಂದು ತಲೆಯಾಡಿಸಿದರು. ತಾರೀಖು ಬೇರೆ, ತಿಥಿ ಒಂದೇ: ಮಾರ್ಗಶಿರದ ಬಹುಳ ಪಂಚಮಿ.

“ಹುಟ್ಟಿದ ತಿಥಿ ಇರಬೇಕು, ಬಾಯೀ. ಅಲ್ಲಿ ಒಂದು ಕೂಸು ಐತಿ.”

ಅಂದಿನಿಂದ ನನಗೂ ಸರ್ ನಗುವಿನ ಮೇಲೆ, ಅವರು ತಲೆ ಬಾಚಿಕೊಳ್ಳುವ ರೀತಿಯ ಮೇಲೆ ಕೂಡ ಸಂಶಯ.

ಆ ವರ್ಷದ ಪಂಚಮಿಗೆ ಅವರು ಹತ್ತಿದ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ನಾನೂ ವೈನಿಯೂ ಸೆರಗು ಹೊದ್ದು ಕುಳಿತೆವು. ಖಾನಾಪುರದಲ್ಲಿ ಸರ್ ಯಾವ ಮನೆಗೂ ಹೋಗಲಿಲ್ಲ. ನೇರ ಮಲಪ್ರಭೆಗೆ ಇಳಿದರು, ಭಟ್ಟರು ಕಾಯುತ್ತಿದ್ದರು. ನಾವು ಮೇಲೆಯೇ ನಿಂತೆವು. ಎಳ್ಳುನೀರು ಬಿಡಿಸುತ್ತ ಭಟ್ಟರು ಗಟ್ಟಿಯಾಗಿ ಒಂದು ಹೆಣ್ಣಿನ ಹೆಸರು ಹೇಳಿಸಿದರು, ಜೊತೆಗೆ ‘ಪತ್ನಿ’ ಎಂದು. ವೈನಿಗಿಂತ ಮೊದಲು ಒಬ್ಬಳಿದ್ದಳು, ತೀರಿಹೋಗಿದ್ದಳು. ಮದುವೆ ಮಾಡಿಕೊಟ್ಟವರು ಯಾರೂ ಅದನ್ನು ಹೇಳಿರಲಿಲ್ಲ.

ಬರುವಾಗ ಬಸ್ಸು ದೇಸೂರು ದಾಟಿದ ಮೇಲೆ ವೈನಿ ಹೇಳಿದರು.

“ಜೀವಂತ ಇದ್ದಿದ್ರ ಕೂದ್ಲಾ ಹಿಡಿದು ಜಗಳಾಡ್ತಿದ್ನಿ. ಸತ್ತಾಕಿ ಕೂಡ ಏನು ಜಗಳಾಡ್ಲಿ?”

ಮರುವರ್ಷ ಎಳ್ಳು, ದರ್ಭೆ ವೈನಿ ತಾವೇ ಸರ್ ಚೀಲದಲ್ಲಿಟ್ಟರು. ಸರ್ ಚೀಲ ತೆರೆದು ನೋಡಿ ಹಾಗೇ ನಿಂತರಂತೆ... ಆದರೆ ಸರ್ ಕರೆದಾಗಲೆಲ್ಲ ವೈನಿ ಒಂದು ಕ್ಷಣ ತಡೆದು ಓಗೊಡುತ್ತಿದ್ದರು, ಕರೆದದ್ದು ತಮ್ಮನ್ನೇ ಹೌದೋ ಅಲ್ಲವೋ ಎಂಬಂತೆ.

ಈಗ ವೈನಿಯೂ ಇಲ್ಲ. ಸರ್ ವರ್ಷಕ್ಕೆ ಎರಡು ಸಲ ಹೊಳೆಗೆ ಹೋಗುತ್ತಾರೆ. ಈ ಸಲ ವೈನಿಯ ತಿಥಿಯ ಬೆಳಿಗ್ಗೆ ನನ್ನ ಗೇಟಿನ ಮುಂದೆ ಹಾದುಹೋಗುವಾಗ ಅವರ ಮುಖವನ್ನು ನಾಚಿಕೆಯಿಲ್ಲದೆ ದಿಟ್ಟಿಸಿದೆ, ಪಂಚಮಿಯ ದಿನದಷ್ಟೇ ಮಂಕಾಗಿದ್ದಾರೆಯೇ ಎಂದು.

ಆಗಿದ್ದರು. ಹೇಳೋಣವೆಂದರೆ ವೈನಿ ಇಲ್ಲ.