ಮಹಡಿ ಹತ್ತುವ ಮೇಸ್ತ್ರಿ

ತಪ್ಪು ಕಂಡವರು ಯಾರೇ ಆಗಲಿ, ತಲೆಯ ಮೇಲಿನ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದು ಎಂಬ ಹೊರದೇಶದ ಪದ್ಧತಿ ಫ್ರಿಜ್ ಕಾರ್ಖಾನೆಗೆ ಬಂದು ಎರಡು ವರ್ಷವಾಯಿತು. ಮೇಸ್ತ್ರಿಯ ವಿಭಾಗದ ಹಗ್ಗಗಳು ಇನ್ನೂ ಹೊಸದಾಗಿಯೇ ನೇತಾಡುತ್ತಿವೆ. ಬಾಗಿಲು ಸೊಟ್ಟಗೆ ಕೂತರೆ ಕೆಲಸಗಾರರು "ಎಳೀಲಾ ಅಣ್ಣ?" ಎನ್ನುತ್ತಾರೆ. "ತಡಿ, ದೊಡ್ಡೋರನ್ನ ಒಂದ್ ಮಾತು ಕೇಳ್ದೆ ಎಳೆದ್ರೆ ಚೆನ್ನಾಗಿರಲ್ಲ" ಎಂದು ಮೇಸ್ತ್ರಿ ತಲೆ ಬಾಚಿಕೊಂಡು ಮಹಡಿ ಹತ್ತುತ್ತಾರೆ. ಸಾಹೇಬರು ತಮ್ಮ ಸಾಹೇಬರನ್ನು ಕೇಳುತ್ತಾರೆ. ಅಪ್ಪಣೆ ಕೆಳಗಿಳಿಯುವ ಹೊತ್ತಿಗೆ ಹನ್ನೆರಡು ಸೊಟ್ಟ ಫ್ರಿಜ್ಜುಗಳು ಲಾರಿ ಹತ್ತಿರುತ್ತವೆ. ಒಂದು ಹಗ್ಗ ಮಾತ್ರ ಹಿಡಿದು ಹಿಡಿದು ಕಪ್ಪಾಗಿದೆ, ತಗಡು ಒತ್ತುವ ಯಂತ್ರದ್ದು. ಅದು ಕೊಂಚ ಕರಕರ ಎಂದರೂ ಮೇಸ್ತ್ರಿ ಯಾರನ್ನೂ ಕೇಳದೆ ಎಳೆದುಬಿಡುತ್ತಾರೆ. ಹಗ್ಗವಿಲ್ಲದ ಕಾಲದಲ್ಲಿ ಒಮ್ಮೆ ಅದು ಹಾಗೆ ಸದ್ದು ಮಾಡಿದಾಗ ಅವರು ಕೇಳಲೆಂದು ಮಹಡಿ ಹತ್ತಿದ್ದರು. ಅಪ್ಪಣೆಯೂ ಸಿಕ್ಕಿತು. ಇಳಿದು ಬಂದಾಗ ಯಂತ್ರದ ಮುಂದೆ ಕೂತಿದ್ದ ಅವರ ತಮ್ಮನಿಗೆ ಎರಡು ಬೆರಳು ಕಡಿಮೆಯಾಗಿದ್ದವು.